ತೆಂಗೊ ಅಂದರೆ ತೆಂಗಲ್ಲ

"ಆ ಮಗು ಬಾಯಿ ಬಿಟ್ಟರೆ ತೆಂಗು ತೆಂಗು ಅಂತದಲ್ಲ ಮಾರಾಯಾ, ಅದಕ್ಕೆ ಬೊಂಡ ಬೇಕೋ ಏನೋ. ಆ ಊರಲ್ಲಿ ಸಿಕ್ಕುವುದಿಲ್ಲವಾ?"

ಹೀಗೆ ಕೇಳಿದವರು ನನ್ನ ಅಮ್ಮ. 2022ರ ನವೆಂಬರಿನ ಒಂದು ಆದಿತ್ಯವಾರ. ನಮ್ಮಲ್ಲಿ ಸಂಜೆ ಆರೂವರೆ, ದೇವರಿಗೆ ದೀಪ ಹಚ್ಚಿ ಆಗಿತ್ತು. ಮಗು ಇದ್ದದ್ದು ಸ್ಪೇನ್ ದೇಶದ ವಲೆನ್ಸಿಯದಲ್ಲಿ. ಅಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ, ಊಟದ ಹೊತ್ತು. ನನ್ನ ಅಣ್ಣನ ಮಗಳು ಅಲ್ಲಿಗೆ ಓದಲು ಹೋದವಳು ಅಲ್ಲೇ ಕೆಲಸಕ್ಕೆ ಸೇರಿ, ಅಲ್ಲಿಯ ಹುಡುಗನನ್ನೇ ಮದುವೆಯಾಗಿ ನೆಲೆನಿಂತಳು. ಅವಳ ಮಗಳಿಗೆ ಆಗ ನಾಲ್ಕು ತುಂಬಿತ್ತು. ವಾರಕ್ಕೊಮ್ಮೆ ಮೊಬೈಲಿನ ಪರದೆಯ ಮೇಲೆ ಪಿಜ್ಜಿಗೂ ಮರಿಮಗಳಿಗೂ ಭೇಟಿ. ತಾಯಿ ಮಗುವನ್ನು ಕನ್ನಡದಲ್ಲೇ ಮಾತನಾಡಿಸುತ್ತಾಳೆ. ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಉತ್ತರವನ್ನು ಮಾತ್ರ ಸ್ಪ್ಯಾನಿಷಿನಲ್ಲಿ ಕೊಡುತ್ತದೆ. ಊರು ಬಿಟ್ಟವರ ಮನೆಗಳಲ್ಲಿ ಇದು ನಡೆಯುವ ಕ್ರಮವೇ.

"ತೆಂಗು ಅಲ್ಲ ಅಜ್ಜಿ, ತೆಂಗೊ. ತೆಂಗೊ ಆಂಬ್ರೆ ಅಂದರೆ ಹಸಿವೆ ಆಗ್ತಾ ಉಂಟು ಅಂತ" ಎಂದು ಅಣ್ಣನ ಮಗಳು ಆಚೆಯಿಂದ ನಕ್ಕಳು.

ನಾವೂ ನಕ್ಕೆವು. ಅಮ್ಮ ನಗಲಿಲ್ಲ. "ಹಾಗಾದರೆ ಮೊದಲು ಅದಕ್ಕೆ ಊಟ ಹಾಕು, ಮಾತು ಮತ್ತೆ" ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟರು. ರಾತ್ರಿ ಊಟಕ್ಕೆ ಕೂತಾಗ ತಮ್ಮಷ್ಟಕ್ಕೇ ಹೇಳಿದರು: "ಮಗು ಹಸಿವೆ ಅಂತ ಹೇಳಿದ್ದು ನನಗೆ ಗೊತ್ತಾಗಲಿಲ್ಲವಲ್ಲ."

ಆ ಮಾತು ನನ್ನನ್ನು ಸ್ಪ್ಯಾನಿಷ್ ಕಲಿಯಲು ಕೂರಿಸಿತು.

ನಾನೊಬ್ಬ ಬ್ಯಾಂಕ್ ಗುಮಾಸ್ತ. ಬಿ.ಎ. ಓದಿದವ. ಆಗ ನನಗೆ 46. ಭಾಷೆ ಕಲಿಯುವ ವಯಸ್ಸು ಇದಲ್ಲ ಎಂದು ಹಿತೈಷಿಗಳು ಹೇಳಿದರು. ಆದರೆ ಹತ್ತಾರು ಭಾಷೆಗಳನ್ನು ಬಲ್ಲ ಗೋವಿಂದ ಪೈಗಳು ಬಾಳಿದ ಮಂಜೇಶ್ವರ ನಮ್ಮ ಮನೆಯಿಂದ ಬಹಳ ದೂರವೇನಲ್ಲ. ಜಪಾನಿನ ನೋ ನಾಟಕಗಳನ್ನು ಅವರು ಕನ್ನಡಕ್ಕೆ ತಂದ ಈ ಮಣ್ಣಿನಲ್ಲಿ, ಹಸಿವೆ ಬಾಯಾರಿಕೆ ಕೇಳುವಷ್ಟು ಸ್ಪ್ಯಾನಿಷ್ ಒಬ್ಬ ಗುಮಾಸ್ತನಿಗೆ ಬರಬಾರದೇ ಎಂಬ ಒಣಜಂಬದಿಂದ ಮೊಬೈಲಿಗೆ ಒಂದು ಆ್ಯಪ್ ಇಳಿಸಿಕೊಂಡೆ. ಬರೆದುಕೊಳ್ಳಲು ಬ್ಯಾಂಕಿನ ಒಂದು ಹಳೆಯ ಡೈರಿ ಸಿಕ್ಕಿತು. ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದೆ. ಅ, ಎ, ಇ, ಒ, ಉ ಎಂಬ ಐದೇ ಸ್ವರಗಳು ಆ ಭಾಷೆಗೆ, ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಎಂಬ ತಂಟೆ ಕಡಿಮೆ. ನಮ್ಮ ಅಕ್ಷರಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ತೆಂಗೊ ಎಂಬುದರ ಮೂಲ ರೂಪ 'ತೆನೆರ್'. ಇಂಗ್ಲಿಷಿನ 'ಹ್ಯಾವ್' ಎಂಬ ಅರ್ಥ. ಎಲ್ಲ ಕ್ರಿಯಾಪದಗಳೂ ಒಂದು ಹಾದಿಯಲ್ಲಿ ನಡೆದರೆ ಇದು ಅಡ್ಡಹಾದಿ ಹಿಡಿಯುತ್ತದೆ. ಕ್ರಮ ಪ್ರಕಾರ ನನ್ನ ಮಟ್ಟಿಗೆ 'ತೆನೊ' ಆಗಬೇಕಿತ್ತು, ಆದದ್ದು 'ತೆಂಗೊ'. ನಿನ್ನ ಮಟ್ಟಿಗೆ 'ತಿಯೆನೆಸ್', ಅವನ ಅವಳ ಮಟ್ಟಿಗೆ 'ತಿಯೆನೆ'. ನಾವು ಎನ್ನುವಾಗ ಪುನಃ ಬುದ್ಧಿ ಬಂದ ಹಾಗೆ 'ತೆನೆಮೊಸ್'. ಅವರೆಲ್ಲ ಎನ್ನುವಾಗ 'ತಿಯೆನೆನ್'. ಆಗಿಹೋದದ್ದಕ್ಕೆ 'ತೂಬೆ', ಆಗಲಿರುವುದಕ್ಕೆ 'ತೆಂದ್ರೇ'. ಬರುತ್ತೇನೆ ಎನ್ನುವ 'ಬೆಂಗೊ', ಇಡುತ್ತೇನೆ ಎನ್ನುವ 'ಪೊಂಗೊ', ಹೊರಡುತ್ತೇನೆ ಎನ್ನುವ 'ಸಾಲ್ಗೊ' ಕೂಡ ಇದೇ ಬಳಗದವು. ಎಲ್ಲಿಂದಲೋ ಒಂದು ಗಕಾರ ನಡುವೆ ಬಂದು ಕೂರುತ್ತದೆ.

ಮನುಷ್ಯನಿಗೆ ದಿನಕ್ಕೆ ನೂರು ಸಲ ಬೇಕಾಗುವ ಕ್ರಿಯಾಪದಗಳೇ ಯಾಕೆ ಹೀಗೆ ವಕ್ರ ಎಂದು ಮೊದಲು ಸಿಟ್ಟು ಬಂತು. ಬಳಿಕ ನಮ್ಮದನ್ನೇ ಯೋಚಿಸಿದೆ. 'ಬಾ' ಎಂಬುದು 'ಬಂದ' ಆಗುತ್ತದೆ, 'ಇರು' ಎಂಬುದು 'ಇದ್ದ' ಆಗುತ್ತದೆ, 'ಕೊಡು' 'ಕೊಟ್ಟ' ಆಗುತ್ತದೆ. ಅಪರೂಪದ ಕ್ರಿಯಾಪದದ ಹಳೆಯ ರೂಪ ಜನರಿಗೆ ಮರೆತುಹೋಗುತ್ತದೆ, ಆಗ ಅದನ್ನು ಸಾಮಾನ್ಯ ನಿಯಮಕ್ಕೆ ತಂದುಬಿಡುತ್ತಾರೆ. ಅಜ್ಜಿಯಿಂದ ಮೊಮ್ಮಗುವಿಗೆ ದಿನಾ ದಾಟುವ ಮಾತಿನಲ್ಲಿ ಮಾತ್ರ ಹಳೆಯ ವಕ್ರತೆ ಹಾಗೇ ಉಳಿಯುತ್ತದೆ.

ರೂಪಗಳೇನೋ ಬಾಯಿಪಾಠವಾದವು. ಬಳಸಲು ಹೋದಾಗ ಎಡವಿದೆ. ಆ್ಯಪ್ ಕಲಿಸುವುದು ಇಂಗ್ಲಿಷಿನ ಮೂಲಕ. ಇಂಗ್ಲಿಷಿನವರು ಹಸಿವಾದರೆ 'ಐ ಆ್ಯಮ್ ಹಂಗ್ರಿ' ಎನ್ನುತ್ತಾರೆ, ಚಳಿಯಾದರೆ 'ಐ ಆ್ಯಮ್ ಕೋಲ್ಡ್'. ನಾನೂ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿ, ಅದನ್ನು ಪದಕ್ಕೆ ಪದ ಬದಲಿಸುತ್ತಿದ್ದೆ. 2023ರ ಜನವರಿಯಲ್ಲಿ ಅಣ್ಣನ ಮಗಳ ಅತ್ತೆ ವಿಡಿಯೋದಲ್ಲಿ ಶಾಲು ಹೊದ್ದು ಕಾಣಿಸಿದರು. ಕುಶಲ ವಿಚಾರಿಸೋಣವೆಂದು, ನಿಮಗೆ ಚಳಿಯಾಗುತ್ತಿದೆಯೇ ಎಂಬ ಅರ್ಥದಲ್ಲಿ "ಎಸ್ ಉಸ್ತೆದ್ ಫ್ರೀಅ?" ಎಂದೆ. ನಾನು ನಿಜಕ್ಕೂ ಕೇಳಿದ್ದು, "ತಾವು ಕರುಣೆಯಿಲ್ಲದ ಹೆಂಗಸೇ?" ಎಂದು. ಉಸ್ತೆದ್ ಎಂಬ ಗೌರವದ ಪದವನ್ನು ಮಾತ್ರ ಮರೆತಿರಲಿಲ್ಲ. 'ತಮ್ಮ ಕೃಪೆ' ಎಂಬರ್ಥದ ಹಳೆಯ ನುಡಿ ಸವೆದು ಉಸ್ತೆದ್ ಆದದ್ದಂತೆ. ಅಷ್ಟು ಮರ್ಯಾದೆಯಿಂದ ಅಷ್ಟು ದೊಡ್ಡ ಬೈಗಳನ್ನು ಅವರು ಬೇರೆ ಯಾರಿಂದಲೂ ಕೇಳಿರಲಾರರು.

ಇದಕ್ಕಿಂತ ದೊಡ್ಡದು ಮುಂದಿನ ವಾರ ಆಯಿತು. ವಯಸ್ಸನ್ನೂ ಅವರು ತೆನೆರ್ ಸೇರಿಸಿಯೇ ಹೇಳುತ್ತಾರೆ. ನನಗೆ 46 ವರ್ಷ ಎನ್ನಲು 'ತೆಂಗೊ 46 ಆನ್ಯೊಸ್'. ಈ ಆನ್ಯೊಸ್ ಬರೆಯುವಾಗ ನಡುವಿನ ಅಕ್ಷರದ ನೆತ್ತಿಯ ಮೇಲೆ ಅಲೆಯಂಥ ಒಂದು ಗೆರೆ ಬರಬೇಕು. ನಾನು ಆ ಗೆರೆ ಹಾಕದೆ ಸಂದೇಶ ಕಳಿಸಿದೆ. ಗೆರೆ ಇಲ್ಲದಿದ್ದರೆ ಅದು 'ಆನೊಸ್'. ಆ ಪದದ ಅರ್ಥವನ್ನು ಈ ವಾರ್ಷಿಕದಲ್ಲಿ ಅಚ್ಚುಹಾಕಿಸುವ ಧೈರ್ಯ ನನಗಿಲ್ಲ. ಅದು ಎಲ್ಲರ ದೇಹದಲ್ಲೂ ಒಂದೇ ಇರುವ ದ್ವಾರ, ನನಗೆ ಮಾತ್ರ 46 ಇವೆ ಎಂದು ಬರೆದಿದ್ದೆ ಎಂದಷ್ಟೇ ಹೇಳಿದರೆ ಓದುಗರು ತಿಳಿದುಕೊಂಡಾರು.

ಕಲಿಯುವುದನ್ನು ಬಿಡುವುದೇ ಲೇಸು ಎನ್ನಿಸಿದ ಆ ದಿನಗಳಲ್ಲಿ ಬ್ಯಾಂಕಿನ ಕೌಂಟರ್ ನನ್ನ ಕಣ್ಣು ತೆರೆಸಿತು. ಪೆನ್ಷನ್ ಬರುವ ದಿನ, ಉದ್ದ ಸಾಲು. ಒಬ್ಬರು ಪಾಸ್‌ಬುಕ್ ಚಾಚಿ "ಎಷ್ಟುಂಟು ನೋಡಿ" ಎಂದರು. ಅವರ ಹಿಂದಿನವರು "ಎತ್ರಯುಂಡ್?" ಎಂದರು. ಮೂರನೆಯ ಅಜ್ಜಿ "ಏತುಂಡು ಮಗಾ?" ಎಂದರು. ಕನ್ನಡ, ಮಲಯಾಳ, ತುಳು. ಮೂವರ ಬಾಯಲ್ಲೂ ಒಂದೇ ಉಂಟು. 'ನಾನು ಹಣವನ್ನು ಹೊಂದಿದ್ದೇನೆ' ಎಂದು ನಮ್ಮ ಸಪ್ತಭಾಷಾ ಭೂಮಿಯ ಯಾವ ಕೌಂಟರಿನಲ್ಲೂ ಯಾರೂ ಹೇಳುವುದಿಲ್ಲ. ಹಣ ಉಂಟು, ನನಗೆ ಉಂಟು, ಅಷ್ಟೆ.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಡೈರಿ ತೆಗೆದು ಎರಡು ಕಲಮು ಗೀಟು ಹಾಕಿದೆ. ಒಂದು ಕಡೆ ನಮ್ಮದು, ಎದುರಿಗೆ ಅವರದು. ನನಗೆ ಹಸಿವೆ: ತೆಂಗೊ ಆಂಬ್ರೆ. ನನಗೆ ಬಾಯಾರಿಕೆ: ತೆಂಗೊ ಸೆದ್. ನನಗೆ ನಿದ್ದೆ: ತೆಂಗೊ ಸ್ವೇನ್ಯೊ. ನನಗೆ ಚಳಿ: ತೆಂಗೊ ಫ್ರೀಒ. ನನಗೆ ಸೆಕೆ: ತೆಂಗೊ ಕಲೋರ್. ನನಗೆ ಹೆದರಿಕೆ: ತೆಂಗೊ ಮಿಯೆದೊ. ನನಗೆ ನಾಚಿಕೆ: ತೆಂಗೊ ಬೆರ್ಗ್ವೆನ್ಥ. ನನಗೆ ಜ್ವರ: ತೆಂಗೊ ಫಿಯೆಬ್ರೆ. ನನಗೆ ಅರ್ಜೆಂಟು: ತೆಂಗೊ ಪ್ರೀಸ. ನನಗೆ ಒಬ್ಬ ಮಗ: ತೆಂಗೊ ಉನ್ ಈಹೊ. ನನಗೆ ಮನಸ್ಸಾಗಿದೆ, ಆಸೆಯಾಗಿದೆ ಎನ್ನಲು ತೆಂಗೊ ಗಾನಸ್. ನಾವು 'ನನಗೆ' ಎಂದು ಸುರುಮಾಡುವ ಕಡೆ ಅವರು 'ತೆಂಗೊ' ಎಂದು ಸುರುಮಾಡುತ್ತಾರೆ. ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ಹೋಗುತ್ತಿದ್ದ ನಾನು ಮನೆಯ ಹಿತ್ತಿಲಿನಿಂದಲೇ ದಾರಿ ಇದ್ದದ್ದನ್ನು ಕಂಡಿರಲಿಲ್ಲ.

ಇನ್ನೊಂದು ಸೋಜಿಗ. ಮಾಡಲೇಬೇಕಾದ ಕೆಲಸವನ್ನು ಹೇಳಲೂ ಅವರಿಗೆ ಇದೇ ತೆಂಗೊ ಬೇಕು. 'ತೆಂಗೊ ಕೆ ಇರ್' ಎಂದರೆ ಹೋಗಬೇಕು. ನಮ್ಮ ಊರ ಕನ್ನಡದಲ್ಲಿ ಹೇಗೆ ಹೇಳುತ್ತೇವೆ? "ನನಗೆ ಹೋಗಲಿಕ್ಕುಂಟು." ಮಲಯಾಳದಲ್ಲಿ "ಎನಿಕ್ಕ್ ಪೋಗಾನುಂಡ್." ಈ 'ಲಿಕ್ಕುಂಟು' ಕೇಳಿ ಘಟ್ಟದ ಮೇಲಿನ ಸ್ನೇಹಿತರು ನಗುವುದುಂಟು. ಅದೇ ನನಗೆ ಸ್ಪ್ಯಾನಿಷಿನ ಒಂದು ಇಡೀ ಪಾಠವನ್ನು ಐದು ನಿಮಿಷದಲ್ಲಿ ಮುಗಿಸಿಕೊಟ್ಟಿತು.

ಸೂತ್ರ ಎಲ್ಲ ಕಡೆ ನಡೆಯುತ್ತದೆಂದು ತಿಳಿಯಬಾರದು. ನನಗೆ ಸಿಟ್ಟು ಎನ್ನಲು ತೆಂಗೊ ಆಗುವುದಿಲ್ಲ, 'ಎಸ್ತಾರ್' ಎಂಬ ಬೇರೆ ಕ್ರಿಯಾಪದವೇ ಬೇಕು. ನನಗೆ ಗೊತ್ತುಂಟು ಎನ್ನಲು 'ಸೇ' ಎಂಬ ಒಂದೇ ಅಕ್ಷರ ಸಾಕು. ನನಗೆ ಇಷ್ಟ ಎನ್ನುವಲ್ಲಿ ಮಾತ್ರ 'ಮೆ ಗುಸ್ತ', ನನಗೆ ತಲೆ ನೋಯುತ್ತದೆ ಎನ್ನುವಲ್ಲಿ 'ಮೆ ದ್ವೆಲೆ ಲ ಕಬೇಥ'. ಅಲ್ಲಿ ಅವರೂ ನಮ್ಮ ಹಾಗೆಯೇ 'ನನಗೆ' ಎನ್ನುತ್ತಾರೆ. ಮೂಲದಲ್ಲಿ ಒಂದು ವ್ಯತ್ಯಾಸವೂ ಇದೆ. ತೆನೆರ್ ಬಂದದ್ದು ಲ್ಯಾಟಿನಿನ ಹಿಡಿ ಎಂಬ ಅರ್ಥದ ಪದದಿಂದ. ನಾವು ಬ್ಯಾಂಕಿನಲ್ಲಿ ದಿನಾ ಬರೆಯುವ ಸಾಲದ 'ಟೆನ್ಯೂರ್' ಅದೇ ಬೇರಿನದು. ಅವರು ಹಸಿವೆಯನ್ನು ಹಿಡಿದುಕೊಂಡಿರುತ್ತಾರೆ, ನಮಗೆ ಹಸಿವೆ ತಾನಾಗಿ ಬರುತ್ತದೆ.

ಗುಮಾಸ್ತನಾದ ನನಗೆ ತುಂಬ ಖುಷಿ ಕೊಟ್ಟದ್ದು ಇನ್ನೊಂದು. ಲ್ಯಾಟಿನಿನಿಂದ ಸ್ಪ್ಯಾನಿಷಿಗೆ ಬಂದ 'ಅಬೆರ್' ಎಂಬ ಕ್ರಿಯಾಪದಕ್ಕೆ ಹಿಂದೆ 'ಉಂಟು' ಎಂಬ ಈ ಯಜಮಾನಿಕೆ ಇತ್ತು. ಕಾಲಕ್ರಮೇಣ ತೆನೆರ್ ಬಂದು ಅದನ್ನು ಕುರ್ಚಿಯಿಂದ ಎಬ್ಬಿಸಿತು. ಈಗ ಅಬೆರ್ ಬೇರೆ ಕ್ರಿಯಾಪದಗಳ ಸಹಾಯಕನಾಗಿ ದುಡಿಯುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಅದರ ಹಳೆಯ ಹಕ್ಕು ಹೋಗಿಲ್ಲ. ಸ್ಪೇನಿನ ಲೆಡ್ಜರಿನ ಎಡ ಕಲಮಿಗೆ 'ದೆಬೆ', ಬಲ ಕಲಮಿಗೆ 'ಅಬೆರ್' ಎಂದು ಹೆಸರು. ನಮ್ಮ ಡೆಬಿಟ್, ಕ್ರೆಡಿಟ್. ದೆಬೆ ಎಂದರೆ ಕೊಡಲಿಕ್ಕುಂಟು.

ಕೊಡಲಿಕ್ಕಿದ್ದದ್ದು ನನಗೂ ಇತ್ತು ಎಂಬುದು ಗೊತ್ತಾದದ್ದು ಆ ಎಪ್ರಿಲ್ ರಜೆಯಲ್ಲಿ. ಪಾಠ ಒಪ್ಪಿಸಲು ಯಾರಾದರೂ ಬೇಕಿತ್ತು. ಎಂಟನೆಯ ತರಗತಿ ಮುಗಿಸಿ ಮನೆಯಲ್ಲಿದ್ದ ಮಗನ ಕೈಗೆ ಡೈರಿ ಕೊಟ್ಟು, "ನೀನು ಕನ್ನಡದ್ದು ಕೇಳು, ನಾನು ಸ್ಪ್ಯಾನಿಷ್ ಹೇಳುತ್ತೇನೆ" ಎಂದೆ. ಅವನು ಪುಟವನ್ನು ನೋಡುತ್ತಾ ಸುಮ್ಮನೆ ಕೂತ. "ನ, ನ, ಗೆ..." ಎಂದು ಅಕ್ಷರ ಅಕ್ಷರವಾಗಿ ಬಿಡಿಸಿದ. ಒತ್ತಕ್ಷರ ಬಂದಲ್ಲಿ ನಿಂತ. ನಿದ್ದೆಯ ಒತ್ತು, ಜ್ವರದ ಒತ್ತು ಅವನಿಗೆ ಕಾಲಿಗೆ ಸಿಕ್ಕಿದ ಬಳ್ಳಿಯ ಹಾಗೆ. ಅವನು ಇಂಗ್ಲಿಷ್ ಮಾಧ್ಯಮದಲ್ಲಿ ಓದುವವ. ಮಲಯಾಳ ಚೆನ್ನಾಗಿ ಬರೆಯುತ್ತಾನೆ, ಹಿಂದಿಯೂ ಬರುತ್ತದೆ. ಮನೆಯಲ್ಲಿ ಕನ್ನಡವೇ ಮಾತನಾಡುತ್ತಾನೆ. ಓದಲು ಕೂಡ ಬರುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ.

"ಅಪ್ಪಾ, ನಿಮಗೆ ಸ್ಪ್ಯಾನಿಷ್ ಕಲಿಯಲಿಕ್ಕೆ ಪುರುಸೊತ್ತುಂಟು. ನನಗೆ ಇದನ್ನು ಕಲಿಸಲಿಕ್ಕೆ ಇರಲಿಲ್ಲವಾ?" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು.

1956ರ ನವೆಂಬರ್ ಒಂದರಿಂದ ನಮ್ಮ ಹಿರಿಯರು ಎಷ್ಟು ಸಭೆ ನಡೆಸಿದರು, ಎಷ್ಟು ಮನವಿ ಬರೆದರು. ನಾನೂ ಸಭೆಗಳಲ್ಲಿ ಕೂತು ಚಪ್ಪಾಳೆ ತಟ್ಟಿದವನೇ, ಮನವಿಗಳಿಗೆ ಸಹಿ ಹಾಕಿದವನೇ. ಸರಕಾರ ಕೊಡಬೇಕಾದದ್ದರ ಪಟ್ಟಿ ನನಗೆ ಬಾಯಿಪಾಠವಿತ್ತು. ನಾನು ಕೊಡಬೇಕಾದದ್ದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮಗನಿಗೆ ಏನೂ ಉತ್ತರ ಕೊಡದೆ ಪಕ್ಕದಲ್ಲಿ ಕೂತು, "ದಕಾರಕ್ಕೆ ದಕಾರದ ಒತ್ತು, ನಿದ್ದೆ" ಎಂದೆ. ಅಂದಿನಿಂದ ರಾತ್ರಿ ಊಟದ ಬಳಿಕ ಅರ್ಧ ಗಂಟೆ ಅವನು ನನಗೆ ಪಾಠ ಕೇಳುವುದು, ನಾನು ಅವನ ತಪ್ಪು ತಿದ್ದುವುದು ನಡೆಯಿತು. ನನ್ನ ಸ್ಪ್ಯಾನಿಷಿಗಿಂತ ಅವನ ಕನ್ನಡ ಬೇಗ ಮುಂದೆ ಹೋಯಿತು.

2023ರ ಜುಲೈಯಲ್ಲಿ ಅಲ್ಲಿಯ ಶಾಲೆಗಳಿಗೆ ಬೇಸಗೆ ರಜೆ. ಅಣ್ಣನ ಮಗಳು ಗಂಡ, ಮಗುವಿನೊಂದಿಗೆ ಬಂದಳು. ಆಗ ಮಗುವಿಗೆ ಐದು. ನನ್ನನ್ನು 'ಚಿಕ್ಕಜ್ಜ' ಎಂದು ಕರೆಯಲು ಕಲಿಸಿದ್ದರು. ಮಗು ಒಮ್ಮೊಮ್ಮೆ ತೆಂಗೊ ಬಿಟ್ಟು 'ತಿಂಕ್' ಎನ್ನುತ್ತಿತ್ತು. ಅದು ನನ್ನ ಡೈರಿಯಲ್ಲಿ ಇರಲಿಲ್ಲ. ಕೇಳಿದರೆ ಅದು ವಲೆನ್ಸಿಯದ ಸ್ವಂತ ಭಾಷೆಯಂತೆ. 1982ರ ಕಾನೂನಿನ ಪ್ರಕಾರ ಆ ಪ್ರಾಂತಕ್ಕೆ ಸ್ಪ್ಯಾನಿಷೂ ವಲೆನ್ಸಿಯನ್ನೂ ಎರಡೂ ಅಧಿಕೃತ ಭಾಷೆಗಳು, ಶಾಲೆಯಲ್ಲಿ ಎರಡನ್ನೂ ಕಲಿಸುತ್ತಾರೆ. "ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಸೇರಿ ಎರಡು. ನಮ್ಮಲ್ಲಿಯ ಮಕ್ಕಳ ಹಾಗೆಯೇ" ಎಂದು ಅಮ್ಮ ತೀರ್ಮಾನ ಕೊಟ್ಟರು. ಆ ಊರಿನ ಹತ್ತಿರ ಭತ್ತದ ಗದ್ದೆಗಳುಂಟು, ಅವರೂ ಅನ್ನ ಉಣ್ಣುವವರು ಎಂದು ಕೇಳಿದ ಮೇಲಂತೂ ಅವರಿಗೆ ಆ ದೇಶದ ಬಗ್ಗೆ ಯಾವ ಸಂಶಯವೂ ಉಳಿಯಲಿಲ್ಲ.

ಒಂದು ದಿನ ಮಗುವನ್ನು ನಮ್ಮಲ್ಲಿ ಬಿಟ್ಟು ತಂದೆತಾಯಿ ಮಂಗಳೂರಿಗೆ ಹೋದರು. ಮಳೆ ಜೋರಾಗಿ ರಾತ್ರಿ ಅಲ್ಲೇ ಉಳಿಯಬೇಕಾಯಿತು. ನಡುರಾತ್ರಿ ಕರೆಂಟ್ ಹೋಯಿತು. ಮಗು ಎದ್ದು ಕಿರುಚಿ ಅಳತೊಡಗಿತು. ಬಿಕ್ಕಿ ಬಿಕ್ಕಿ ಏನೇನೋ ಹೇಳುತ್ತದೆ, ಎಂಟು ತಿಂಗಳ ನನ್ನ ಸ್ಪ್ಯಾನಿಷಿಗೆ ಒಂದು ಪದವೂ ದಕ್ಕುವುದಿಲ್ಲ. ಬ್ಯಾಂಕಿಗೆ ತನಿಖೆಗೆ ಬಂದಾಗ ಗೊತ್ತಿದ್ದ ಲೆಕ್ಕವೂ ಮರೆಯುತ್ತದಲ್ಲ, ಹಾಗಾಯಿತು. ಅಮ್ಮ ಕತ್ತಲೆಯಲ್ಲಿ ತಡಕಾಡುತ್ತಾ ಬಂದು "ಎಂತ ಹೇಳ್ತದೆ? ಎಂತ ಬೇಕಂತೆ?" ಎಂದು ಕೇಳುತ್ತಿದ್ದರು.

ಆಗ ಮಗ ಡೈರಿ ತಂದ. ಮೊಬೈಲಿನ ಬೆಳಕು ಹಿಡಿದು, ನಮ್ಮ ಕಲಮಿನಲ್ಲಿ ಬೆರಳಿಟ್ಟು ಕ್ರಮವಾಗಿ ಕೇಳಿದ. "ತಿಯೆನೆಸ್ ಆಂಬ್ರೆ?" ಮಗು ತಲೆ ಅಲ್ಲಾಡಿಸಿತು. "ತಿಯೆನೆಸ್ ಸೆದ್?" ಇಲ್ಲ. "ತಿಯೆನೆಸ್ ಫ್ರೀಒ?" ಇಲ್ಲ. "ತಿಯೆನೆಸ್ ಮಿಯೆದೊ?" ಮಗು ಅಳು ನಿಲ್ಲಿಸಿ ಅವನನ್ನೇ ನೋಡಿ, "ಸೀ" ಎಂದಿತು. ಹೆದರಿಕೆ. ಯಾವುದಕ್ಕೆ? "ರಾನಸ್" ಎಂದಿತು. ಆ ಪದ ಡೈರಿಯಲ್ಲಿ ಇರಲಿಲ್ಲ. ಮಗು ತೋಟದ ಕಡೆ ಬೆರಳು ಮಾಡಿ, ಗಂಟಲಿನಿಂದ ಒಂದು ಶಬ್ದ ಹೊರಡಿಸಿತು.

"ಅಯ್ಯೋ, ಕಪ್ಪೆಯಾ!" ಎಂದು ಅಮ್ಮ ನಕ್ಕುಬಿಟ್ಟರು. ಕೆರೆಯ ಬದಿಯಲ್ಲಿ ಸಾವಿರ ಕಪ್ಪೆಗಳು ಒಟ್ಟಿಗೆ ಕೂಗುತ್ತಿದ್ದವು. ನಮ್ಮ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಅಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡು, ಕಪ್ಪೆ ಮಳೆಯನ್ನು ಕರೆಯುವ ಕತೆಯನ್ನು ಕನ್ನಡದಲ್ಲಿ ಹೇಳಿದರು. ಅದು ಕೇಳುತ್ತಾ ನಿದ್ದೆಹೋಯಿತು. ಬೆಳಿಗ್ಗೆ ಡೈರಿಗೆ ಎರಡು ಪದ ಸೇರಿದವು. ರಾನ, ಕಪ್ಪೆ. ಯೊರಾರ್, ಅಳುವುದು. ಅಮ್ಮ ಕೂಡ ಒಂದು ಪದವನ್ನು ತಮ್ಮದಾಗಿ ಮಾಡಿಕೊಂಡರು. ಅಲ್ಲಿಂದ ಮೇಲೆ ರಾತ್ರಿ ಎಂಟೂವರೆಗೆ ಆಕಳಿಸಿ "ನನಗೆ ತೆಂಗೊ ನಿದ್ದೆ" ಎಂದು ಎದ್ದು ಹೋಗುವರು.

ಅಮ್ಮ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹೆಚ್ಚು ಮಲಗಲಿಲ್ಲ, ನಾಲ್ಕು ದಿನದ ಜ್ವರ. ವಲೆನ್ಸಿಯದ ಬೀಗಿತ್ತಿಗೆ ನಾನೇ ಸಂದೇಶ ಬರೆದೆ. ಅವರಿಗೆ 82 ವರ್ಷವಾಗಿತ್ತು ಎಂಬುದಕ್ಕೆ ಡೈರಿಯ ಪುಟ ತಿರುವಿದೆ. 'ತೆನೀಅ'. ಇದ್ದರು, ಇರುತ್ತಿತ್ತು ಎಂಬಂಥ ಕಾಲದ ಆ ರೂಪದಲ್ಲಿ ತೆನೆರ್ ಎಲ್ಲಿಯೂ ಅಡ್ಡದಾರಿ ಹಿಡಿಯುವುದಿಲ್ಲ, ನನಗೂ ನಿನಗೂ ಅವರಿಗೂ ನೇರ ನಿಯಮದಂತೆಯೇ ನಡೆಯುತ್ತದೆ. ಆ ಪುಟವನ್ನು ಹಿಂದೆ ಸುಲಭವೆಂದು ಓದದೆ ಬಿಟ್ಟಿದ್ದೆ. ತೆನೀಅ 82 ಆನ್ಯೊಸ್. ಈ ಸಲ ಅಲೆಯ ಗೆರೆ ಮರೆಯಲಿಲ್ಲ.

ಹನ್ನೆರಡನೆಯ ದಿನದ ಸಂಜೆ ಮಗು ವಿಡಿಯೋದಲ್ಲಿ ಬಂತು. ಪಿಜ್ಜಿ ಕೂರುತ್ತಿದ್ದ ಕುರ್ಚಿಯಲ್ಲಿ ನಾನು ಕೂತಿದ್ದೆ. ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಜ್ಜ, ತಿಯೆನೆಸ್ ಗಾನಸ್ ದೆ ಯೊರಾರ್?" ಎಂದು ಕೇಳಿತು. ಅಳಬೇಕು ಅಂತ ಆಗ್ತದಾ ನಿನಗೆ, ಎಂದು. ಡೈರಿ ಬೇಕಾಗಲಿಲ್ಲ, ಇಂಗ್ಲಿಷೂ ನಡುವೆ ಬರಲಿಲ್ಲ.

"ಸೀ" ಎಂದೆ.

"ಯೊ ತಂಬಿಯೆನ್" ಎಂದಿತು. ನನಗೂ, ಎಂದು.

ಡೈರಿ ಈಗ ಮಗನ ಮೇಜಿನ ಮೇಲಿದೆ. ಮೊನ್ನೆ ಏನೋ ಹುಡುಕಲು ತೆಗೆದೆ. ತೆನೀಅ ಎಂದು ನಾನು ಬರೆದ ಸಾಲಿನ ಎದುರು, ನಮ್ಮ ಕಲಮಿನಲ್ಲಿ, ಅವನ ಕೈಬರಹ ಇತ್ತು: 'ಅಜ್ಜಿಗೆ 82 ವರ್ಷ ಆಗಿತ್ತು.' ಜಕಾರದ ಒತ್ತು ಸರಿಯಾಗಿ ಕೊಟ್ಟಿದ್ದ.